ಕೋರ್ಟಿನಲ್ಲಿ ಆದ ರಾಜಿ ಮುರಿಯಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ತವರಿನ ಆಸ್ತಿಗೆ ಹಾವೇರಿ ಕೋರ್ಟಿನಲ್ಲಿ ವಾಟ್ನಿ ದಾವೆ, ಅಂದರೆ ಪಾಲು ಕೇಳುವ ದಾವೆ ಇತ್ತು. ಅಣ್ಣ ತೋರಿಸಿದ ಕಡೆ ಸಹಿ ಹಾಕಿದಿರಿ, ರಾಜಿ ಆಯಿತು. ಈಗ ಓದಿ ನೋಡಿದರೆ ಮಾತಾಡಿದ್ದೇ ಬೇರೆ, ಬರೆದಿದ್ದೇ ಬೇರೆ. ಹೊಸ ದಾವೆ ಹಾಕಿ ರಾಜಿ ರದ್ದು ಮಾಡಿಸಬಹುದಾ ಅಂತ.

ಹೊಸ ದಾವೆ ಮಾತ್ರ ಹಾಕಬೇಡಿ. ನಾವು ಹಾಕಿ ಕೆಟ್ಟವರು.

ನಾನು ವಕೀಲನಲ್ಲ. ಗದಗ ತಾಲ್ಲೂಕಿನವನು, ಅವ್ವನ ಜೊತೆ ನಾಲ್ಕು ವರ್ಷ ಕೋರ್ಟಿಗೆ ಓಡಾಡಿದ್ದೇನೆ, ಅಷ್ಟೇ. ಬಾವಿ ಪಕ್ಕದ ಎರೆ ಹೊಲ ಎರಡು ಎಕರೆ ನಿನಗೆ ಅಂತ ಸೋದರಮಾವ ಹೇಳಿದ್ದ. ಅವ್ವ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಉತಾರ (ಪಹಣಿ) ತೆಗೆಸಿದಾಗ ಗೊತ್ತಾಯಿತು, ರಾಜಿ ಅರ್ಜಿಯಲ್ಲಿದ್ದ ಸರ್ವೆ ನಂಬರ್ ಗುಡ್ಡದ ಕಡೆಯ ಮಸಾರಿ ಹೊಲದ್ದು. ಅಲ್ಲಿ ಕಲ್ಲು ಆರಿಸುವುದರಲ್ಲೇ ಆಯುಷ್ಯ ಮುಗಿಯುತ್ತದೆ.

ಸಿಟ್ಟಿನಲ್ಲಿ ಬೇರೆ ದಾವೆ ಹಾಕಿದೆವು. ಒಂದೂವರೆ ವರ್ಷ ಅಲೆದ ಮೇಲೆ ಅದು ತಿರಸ್ಕಾರ ಆಯಿತು. ಸಿವಿಲ್ ಪ್ರೊಸೀಜರ್ ಕೋಡಿನ 23ನೇ ಆರ್ಡರಿನಲ್ಲಿ 3ಎ ಅಂತ ಒಂದು ನಿಯಮ ಇದೆ, 1976ರ ತಿದ್ದುಪಡಿಯಲ್ಲಿ ಬಂದದ್ದು. ರಾಜಿ ಸರಿ ಇರಲಿಲ್ಲ ಅಂತ ಹೇಳಿ ಡಿಕ್ರಿ (ರಾಜಿಯ ಮೇಲೆ ಕೋರ್ಟ್ ಕೊಟ್ಟ ಆದೇಶ) ರದ್ದಿಗೆ ಬೇರೆ ದಾವೆ ಹಾಕುವ ಹಾಗಿಲ್ಲ. ರಾಜಿ ದಾಖಲಿಸಿದ ಅದೇ ಕೋರ್ಟಿಗೆ, ಅದೇ ದಾವೆಯಲ್ಲಿ ಅರ್ಜಿ ಕೊಡಬೇಕು. 2006ರಲ್ಲಿ ಪುಷ್ಪಾದೇವಿ ಭಗತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ.

ಆದರೆ ಅದಕ್ಕೂ ಮೊದಲು ನಕಲು ತೆಗೆಸಿ ನೋಡಿ, ನಿಮ್ಮದು ಕೋರ್ಟಿನ ರಾಜಿಯಾ ಲೋಕ ಅದಾಲತ್ತಿನದಾ ಅಂತ. ಅದೇ ಕಟ್ಟಡ, ಎಷ್ಟೋ ಸಲ ಅದೇ ಜಡ್ಜ್. ಸಹಿ ಹಾಕಿದವರಿಗೆ ವ್ಯತ್ಯಾಸ ಗೊತ್ತೇ ಆಗಿರುವುದಿಲ್ಲ. ಲೋಕ ಅದಾಲತ್ ಆಗಿದ್ದರೆ ಕಾಗದದ ಮೇಲೆ ಅವಾರ್ಡ್ ಅಂತ ಇರುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಂ ಪ್ರಕಾರ ಅದೇ ಕೊನೆ, ಅಪೀಲು ಇಲ್ಲ. ಅದಕ್ಕೆ ಹೈಕೋರ್ಟಿನಲ್ಲಿ ರಿಟ್ ಹಾಕಬೇಕು, ಅದೂ ಬಹಳ ಕಡಿಮೆ ಕಾರಣಗಳಿಗೆ. ನಿಮಗೆ ಧಾರವಾಡದ ಪೀಠ ಆಗುತ್ತದೆ. 2008ಕ್ಕೆ ಮೊದಲಾಗಿದ್ದರೆ ಇದಕ್ಕೂ ಬೆಂಗಳೂರಿನ ರೈಲು ಹತ್ತಬೇಕಿತ್ತು.

ಇನ್ನು ಕಾರಣದ ಮಾತು. ಪಾಲು ಕಡಿಮೆ ಬಂತು, ಈಗ ರೇಟು ಜಾಸ್ತಿ ಆಗಿದೆ, ಇವೆಲ್ಲ ನಡೆಯಲ್ಲ. ಮೋಸ ಆಯಿತು ಅಂತ ಸುಮ್ನೆ ಬರೆದರೂ ಸಾಲದು. ಯಾರು, ಯಾವತ್ತು, ಏನು ಹೇಳಿ ನಂಬಿಸಿದರು, ಕಾಗದದಲ್ಲಿ ಏನಿದೆ, ಎಲ್ಲ ಅರ್ಜಿಯಲ್ಲಿ ಬರಬೇಕು. ಮೋಸ ಗೊತ್ತಾದ ದಿನವನ್ನೂ ಬರೆಯಿರಿ, ಅವಧಿಯ ಲೆಕ್ಕ ಅಲ್ಲಿಂದ ಬರುತ್ತದೆ. ಹಾಗಂತ ಕಾಯುತ್ತಾ ಕೂರಬೇಡಿ.

ಆಮೇಲೆ ನಾವೂ ಅದೇ ಕೋರ್ಟಿಗೆ ಅರ್ಜಿ ಕೊಟ್ಟೆವು. ಅಲ್ಲಿ ಅವ್ವನಿಗೆ ಆದ ಪಾಟೀಸವಾಲು, ಅಂದರೆ ಎದುರಿನ ವಕೀಲರ ಪ್ರಶ್ನೆಗಳು, ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಎದುರಿನ ವಕೀಲರು ಮೆತ್ತಗೆ ಕೇಳಿದರು, "ರಾಜಿ ದಿನ ನಿಮ್ಮಣ್ಣ ಇಪ್ಪತ್ತು ಸಾವಿರ ಕೊಟ್ಟಿದ್ದ ಹೌದಲ್ಲೋ ಯವ್ವಾ?" ಅವ್ವ ತಡವರಿಸಲಿಲ್ಲ. "ಹೌದ್ರಿ, ಮಗಳ ಮದುವಿಗೆ ಅಂತ ಕೊಟ್ಟಾನ." ನಮ್ಮ ವಕೀಲರ ಮುಖ ಸಣ್ಣದಾಯಿತು. ಅವರಿಗೆ ನಾವು ಹೇಳಿರಲೇ ಇಲ್ಲ! ನೀವು ದುಡ್ಡು ಇಸ್ಕೊಂಡಿದ್ದರೆ ಮೊದಲ ದಿನವೇ ಹೇಳಿಬಿಡಿ.

ನಮ್ಮನ್ನು ಉಳಿಸಿದ್ದು ಒಂದೇ ಒಂದು ಸಾಲು, ಅದೂ ಇಲ್ಲದ ಸಾಲು. ಹೆಬ್ಬೆಟ್ಟಿನ ಪಕ್ಕದಲ್ಲಿ ಎಲ್ಲೂ "ಓದಿ ಹೇಳಿ ತಿಳಿಸಿದೆ" ಅಂತ ಬರೆದಿರಲಿಲ್ಲ. ನಿಮ್ಮ ವಿಷಯ ಹಾಗಲ್ಲ. ನಿಮಗೆ ಓದು ಬರುತ್ತದೆ, ಸಹಿ ಹಾಕಿದ್ದೀರಿ. ಓದದೆ ಹಾಕಿದೆ ಅಂದರೆ ಜಡ್ಜ್ ಸುಲಭಕ್ಕೆ ಒಪ್ಪಲ್ಲ. ರಾಜಿ ಮಾತು ಆಡುವಾಗ ಪಕ್ಕದಲ್ಲಿ ಕೂತಿದ್ದ ಹಿರಿಯರು ಯಾರಾದರೂ ಸಾಕ್ಷಿ ಹೇಳಲು ಬರುತ್ತಾರಾ, ಈಗಲೇ ಕೇಳಿ ನೋಡಿ.

ಇನ್ನೊಂದು ಮಾತು. ರಾಜಿ ರದ್ದಾದ ಕೂಡಲೇ ಹೊಲ ಕೈಗೆ ಬರುವುದಿಲ್ಲ. ಹಳೇ ದಾವೆ ಹಳೇ ನಂಬರಿನಲ್ಲೇ, ನಿಂತಲ್ಲಿಂದ ಶುರುವಾಗುತ್ತದೆ. ನಮ್ಮದು ಈಗ ಸಾಕ್ಷಿಗೆ ಬಂದು ನಿಂತಿದೆ.