ಓದುಗರ ಪ್ರಶ್ನೆ: ಕೋಲ್ಕತ್ತದ ಚೀನೀಯರು

ಪ್ರಶ್ನೆ: ಕೋಲ್ಕತ್ತದ ಚೀನೀಯರೆಂದರೆ ಚರ್ಮ ಹದ ಮಾಡುವವರು ಎಂದು ಕೇಳಿದ್ದೇನೆ. ಎಲ್ಲರದೂ ಅದೇ ಕಸುಬಾಗಿತ್ತೆ?

ಉತ್ತರ: ಅಲ್ಲ. ಊರವರ ಕಣ್ಣಿಗೆ ಅವರೆಲ್ಲ 'ಚೀನಿಯರು'. ಒಳಗೆ ಮಾತ್ರ ಹುಟ್ಟೂರು, ನುಡಿ, ಕಸುಬು ಮೂರೂ ಹೆಣೆದುಕೊಂಡಿದ್ದವು. ಕ್ಯಾಂಟನೀಸ್ ನುಡಿಯವರು ಬಡಗಿಗಳು. ಹಡಗಿನ ಮರಗೆಲಸಕ್ಕೆ ಹೆಸರಾದವರು. ಹುಬೇ ಪ್ರಾಂತ್ಯದವರು ಹಲ್ಲು ಕಟ್ಟುವವರು. ಹಕ್ಕಾ ನುಡಿಯವರು ಬೆಂಟಿಂಕ್ ಬೀದಿಯಲ್ಲಿ ಬೂಟಿನ ಅಂಗಡಿ ಇಟ್ಟರು, ಊರಾಚೆಯ ಟ್ಯಾಂಗ್ರಾದಲ್ಲಿ ತೊಗಲು ಹದ ಮಾಡಿದರು. ಮೊದಲು ಬಂದವನು ತನ್ನೂರಿನ ನಂಟನನ್ನೇ ಕರೆಸಿಕೊಳ್ಳುತ್ತಿದ್ದ. ಬಂದವನು ಕರೆಸಿದವನ ಕಸುಬನ್ನೇ ಕಲಿಯುತ್ತಿದ್ದ. ತೊಗಲಿನ ಕೆಲಸ ಮೈಲಿಗೆ ಎಂದು ಮೇಲ್ಜಾತಿಯವರು ದೂರ ನಿಂತದ್ದರಿಂದ ಹಕ್ಕಾಗಳಿಗೆ ಅಲ್ಲಿ ಜಾಗ ಸಿಕ್ಕಿತು. ಆದರೆ ಅವರ ಕಾರ್ಖಾನೆಗಳಲ್ಲಿ ಹಸಿ ತೊಗಲು ಹೊತ್ತವರಲ್ಲಿ ಬಿಹಾರದಿಂದ ಬಂದ ದಲಿತ ಕೂಲಿಗಳು ಬಹಳ ಮಂದಿ. ಅವರನ್ನು ಬಿಟ್ಟು ಟ್ಯಾಂಗ್ರಾದ ಚರಿತ್ರೆ ಹೇಳಿದರೆ ಅದು ಅರ್ಧ ಚರಿತ್ರೆ.

ಪ್ರಶ್ನೆ: ಕ್ರೋಮ್ ಹದ, ಅಂದರೆ ಕ್ರೋಮಿಯಂ ಲವಣದಿಂದ ತೊಗಲು ಹದ ಮಾಡುವುದು, ಹೇಗೆ ನಡೆಯುತ್ತದೆ? ಅಷ್ಟೊಂದು ನಾತ, ಕೊಳೆ ಎಲ್ಲಿಂದ?

ಉತ್ತರ: ಉಪ್ಪು ಸವರಿ ತಂದ ತೊಗಲನ್ನು ಮೊದಲು ನೀರಿನಲ್ಲಿ ನೆನೆಸಿ ಉಪ್ಪು, ರಕ್ತ, ಸಗಣಿ ಬಿಡಿಸುತ್ತಾರೆ. ಮುಂದಿನದು ಸುಣ್ಣ ಮತ್ತು ಸೋಡಿಯಂ ಸಲ್ಫೈಡಿನ ತೊಟ್ಟಿ. ಅಲ್ಲಿ ಕೂದಲು ಕರಗುತ್ತದೆ, ತೊಗಲು ಉಬ್ಬುತ್ತದೆ. ಒಳಮೈಯ ಮಾಂಸ ಹೆರೆದು, ಅಮೋನಿಯಂ ಲವಣದಿಂದ ಸುಣ್ಣ ಕಳೆದು, ಉಪ್ಪುನೀರು ಮತ್ತು ಗಂಧಕಾಮ್ಲಕ್ಕೆ ಹಾಕುತ್ತಾರೆ. ಇಲ್ಲಿ ಉಪ್ಪೇ ಮೊದಲು. ಬರೀ ಆಮ್ಲ ಸುರಿದರೆ ತೊಗಲು ಊದಿಕೊಂಡು ನಾರು ಹಾಳಾಗುತ್ತದೆ.

ಆಮ್ಲ ನಡುವಿನವರೆಗೆ ಇಳಿದ ಮೇಲೆ, ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 3 ಇರುವಾಗ, ತಿರುಗುವ ಮರದ ಡ್ರಮ್ಮಿನಲ್ಲಿ ಕ್ರೋಮಿಯಂ ಸಲ್ಫೇಟ್ ಸೇರಿಸುತ್ತಾರೆ. ಅದು ಒಳಹೊಕ್ಕ ನಂತರ ಆಮ್ಲ ತಗ್ಗಿಸುವ ಸೋಡಾವನ್ನು ನೀರಿನಲ್ಲಿ ಕರಗಿಸಿ, ಕಂತು ಕಂತಾಗಿ ಹಾಕಿ, ಪಿಎಚ್ 4ರ ಹತ್ತಿರ ತರಬೇಕು. ಕೆಲಸ ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. ಸೋಡಾ ಒಮ್ಮೆಗೇ ಬಿದ್ದರೆ ಕ್ರೋಮ್ ಮೇಲ್ಮೈಗೇ ಕಚ್ಚಿಕೊಳ್ಳುತ್ತದೆ; ಮೇಲೆ ಒರಟು, ನಡುವೆ ಹಸಿ. ಹದ ಬಂತೇ ಎಂದು ತಿಳಿಯಲು ಒಂದು ತುಂಡನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಇಡುತ್ತಾರೆ. ಸುರುಟಿಕೊಂಡರೆ ಇನ್ನೂ ಆಗಿಲ್ಲ. ಡ್ರಮ್ಮಿನಿಂದ ತೊಗಲು ನೀಲಿಯಾಗಿ ಹೊರಬರುತ್ತದೆ. ಬಣ್ಣ, ಎಣ್ಣೆ, ಒಣಗಿಸುವುದು ಆಮೇಲಿನ ಮಾತು.

ಹೆಚ್ಚಿನ ಹಂತಗಳಿಗೆ ಹೊಸ ನೀರು ಬೇಕು. ಹಳೆಯ ಪದ್ಧತಿಯಲ್ಲಿ ಒಂದು ಟನ್ ಹಸಿ ತೊಗಲಿಗೆ 30ರಿಂದ 40 ಸಾವಿರ ಲೀಟರ್ ಹಿಡಿಯುತ್ತದೆ. ಸುಣ್ಣದ ತೊಟ್ಟಿಯ ನೀರೂ ಆಮ್ಲದ ನೀರೂ ಒಂದೇ ಚರಂಡಿಯಲ್ಲಿ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಕೊಳೆತ ಮೊಟ್ಟೆಯ ಆ ನಾತ ಬರೀ ನಾತವಲ್ಲ, ವಿಷ. ಮುಚ್ಚಿದ ಗುಂಡಿಗೆ ಇಳಿದವನ ಪ್ರಾಣ ತೆಗೆಯುತ್ತದೆ.

ಪ್ರಶ್ನೆ: ಕೋಲ್ಕತ್ತದ ಟಿರೆಟ್ಟಾ ಬಜಾರಿನ ಚೀನೀ ಗುಡಿಗಳಿಗೆ ಚರ್ಚ್ ಎನ್ನುತ್ತಾರಲ್ಲ, ಅವರು ಕ್ರೈಸ್ತರೆ?

ಉತ್ತರ: ಕೆಲವರು ಕ್ರೈಸ್ತರು ನಿಜ, ಆದರೆ ಈ ಗುಡಿಗಳು ಕ್ರೈಸ್ತರವಲ್ಲ. ಬ್ರಿಟಿಷರ ಕಾಲದಲ್ಲಿ ಅಂಟಿಕೊಂಡ ಹೆಸರು ಅದು. ಸೀ ಇಪ್ ಚರ್ಚಿನಲ್ಲಿರುವುದು ಕರುಣೆಯ ದೇವಿ ಗ್ವಾನ್ ಯಿನ್. ಸೀ ಇಪ್ ಎಂದರೆ 'ನಾಲ್ಕು ಜಿಲ್ಲೆ': ಕ್ಯಾಂಟನ್ ಸೀಮೆಯ ನಾಲ್ಕು ಜಿಲ್ಲೆಗಳಿಂದ ಬಂದವರ ಸಂಘದ ಗುಡಿ. ಗುಡಿಯ ಹೆಸರು ಓದಿದರೆ ಕಟ್ಟಿಸಿದವರ ತವರು ತಿಳಿಯುತ್ತದೆ.

ಪ್ರಶ್ನೆ: ಟ್ಯಾಂಗ್ರಾ ಬರಿದಾಗಲು ಸುಪ್ರೀಂ ಕೋರ್ಟಿನ ಆದೇಶವೇ ಕಾರಣವೆ?

ಉತ್ತರ: 1996ರ ಡಿಸೆಂಬರಿನ ಆದೇಶದಂತೆ ಚರ್ಮದ ಕಾರ್ಖಾನೆಗಳು ನಗರದಾಚೆಯ ಬಾಂತಲಾಕ್ಕೆ ಹೋಗಬೇಕಾಯಿತು, ಉಳಿದ ಕಟ್ಟಡಗಳಲ್ಲಿ ಎಷ್ಟೋ ಹೋಟೆಲುಗಳಾದವು. ಆದರೆ ಜನ ಊರು ಬಿಡತೊಡಗಿದ್ದು ಅದಕ್ಕೂ ಮೂರು ದಶಕ ಮೊದಲು. 1962ರ ಭಾರತ-ಚೀನಾ ಯುದ್ಧದ ಹೊತ್ತಿಗೆ ಬಂದ ಕಾನೂನು, ಶತ್ರುದೇಶದ ಪ್ರಜೆಯಾಗಿದ್ದವರ ಮಕ್ಕಳು ಮೊಮ್ಮಕ್ಕಳನ್ನೂ ವಿದೇಶಿಯರಂತೆ ನಡೆಸಿಕೊಳ್ಳಲು ದಾರಿ ಮಾಡಿತು. ಇಲ್ಲೇ ಹುಟ್ಟಿದವನಿಗೂ ತನ್ನ ನೆಲದ ಮೇಲಿನ ನಂಬಿಕೆ ಹೋಯಿತು. ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಮುಂತಾದ ಕಡೆಗಳಿಂದ ಸುಮಾರು 3,000 ಚೀನೀ ಮೂಲದವರನ್ನು ರೈಲಿನಲ್ಲಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಲಾಯಿತು. ಅವರಲ್ಲಿ ಮಕ್ಕಳೂ ಮುದುಕರೂ ಇದ್ದರು. ಇದು ನಮ್ಮ ಸರ್ಕಾರ ಮಾಡಿದ ಅನ್ಯಾಯ. ಬೇರೆ ಹೆಸರಿಂದ ಕರೆಯಲಾಗದು. ಕೋಲ್ಕತ್ತದಲ್ಲಿ ಉಳಿದವರೂ ಪೊಲೀಸ್ ಅನುಮತಿಯಿಲ್ಲದೆ ಊರಾಚೆ ಹೋಗುವಂತಿರಲಿಲ್ಲ. ಬೂಟು ಮಾರಲು, ತೊಗಲು ಕೊಳ್ಳಲು ಓಡಾಡಲೇಬೇಕಾದವರ ಗತಿ ಏನಾಗಬೇಕು? ಆ ಬಳಿಕ ಒಂದೊಂದು ಮನೆಯಿಂದ ಒಬ್ಬೊಬ್ಬರಾಗಿ ಹೊರಟರು, ಬಹಳ ಮಂದಿ ಕೆನಡಾದ ಟೊರಾಂಟೊಗೆ. ಅಲ್ಲಿ 'ಹಕ್ಕಾ' ಎಂಬ ಫಲಕ ಹೊತ್ತ ಹೋಟೆಲುಗಳಲ್ಲಿ ಇವತ್ತೂ ಬಡಿಸುವುದು ಕೋಲ್ಕತ್ತದ ರುಚಿಯ ಚಿಲ್ಲಿ ಚಿಕನ್ನು.