ಓದುಗರ ಪ್ರಶ್ನೆ: ಕೆರೆಯ ಪಾಚಿಯಲ್ಲಿ ಕಂಡ ಏಣಿ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಊರ ಕೆರೆಯ ಅಂಚಿನಿಂದ ಮಕ್ಕಳು ತಂದ ದಾರದಂಥ ಪಾಚಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ, ಎರಡು ಎಳೆಗಳು ಅಡ್ಡಮೆಟ್ಟಿಲುಗಳಿಂದ ಕೂಡಿಕೊಂಡು ಏಣಿಯಂತೆ ಕಂಡವು. ಒಂದು ಎಳೆಯ ಕೋಶಗಳೆಲ್ಲ ಬರಿದಾಗಿದ್ದವು. ಇನ್ನೊಂದರಲ್ಲಿ ಮೊಟ್ಟೆಯಾಕಾರದ ಕಂದು ಕಾಳುಗಳಿದ್ದವು. ಇದು ಸ್ಪೈರೋಗೈರಾ ಇರಬಹುದೇ? ಬರಿದಾದ ಎಳೆ ಗಂಡು, ಕಾಳಿರುವುದು ಹೆಣ್ಣು ಎಂದು ಮಕ್ಕಳಿಗೆ ಹೇಳಬಹುದೇ? ಪುಸ್ತಕದ ಚಿತ್ರದಲ್ಲಿರುವ ಕೋಶಕೇಂದ್ರ ನಮಗೇಕೆ ಕಾಣಲಿಲ್ಲ? ಕೆರೆ ಬತ್ತಿದ ಮೇಲೆ ಈ ಪಾಚಿ ಏನಾಗುತ್ತದೆ?

ಉತ್ತರ: ಸ್ಪೈರೋಗೈರಾ ಆಗಿರುವ ಸಾಧ್ಯತೆ ಹೆಚ್ಚು, ಆದರೆ ಏಣಿಯೊಂದನ್ನೇ ನೋಡಿ ಹಾಗೆಂದು ತೀರ್ಮಾನಿಸಬೇಡಿ. ಇದರ ಹತ್ತಿರದ ನೆಂಟರಾದ ಜಿಗ್ನೀಮಾ ಮತ್ತು ಮೌಜಿಯೋಷಿಯಾ ಪಾಚಿಗಳೂ ಹೀಗೆಯೇ ಎಳೆಗೆ ಎಳೆ ಕೂಡಿ ಏಣಿ ಕಟ್ಟುತ್ತವೆ. ಗುರುತು ಹಿಡಿಯಬೇಕಾದುದು ಹಸಿರಿನ ಆಕಾರದಿಂದ. ಸ್ಪೈರೋಗೈರಾದಲ್ಲಿ ಹರಿತ್ತು ರಿಬ್ಬನ್ನಿನಂತೆ ಕೋಶದ ಒಳಗೋಡೆಗೆ ಅಂಟಿಕೊಂಡು ಸುರುಳಿ ಸುತ್ತಿರುತ್ತದೆ. ಪ್ರಭೇದಕ್ಕೆ ತಕ್ಕಂತೆ ಒಂದು ಕೋಶದಲ್ಲಿ 1ರಿಂದ 16ರವರೆಗೆ ಇಂಥ ರಿಬ್ಬನ್ನುಗಳಿರಬಹುದು. ಜಿಗ್ನೀಮಾದಲ್ಲಿ ಅದು ಪ್ರತಿ ಕೋಶಕ್ಕೆ ಎರಡು ನಕ್ಷತ್ರಗಳಂತೆಯೂ ಮೌಜಿಯೋಷಿಯಾದಲ್ಲಿ ಚಪ್ಪಟೆ ಹಲಗೆಯಂತೆಯೂ ಇರುತ್ತದೆ. ಕೂಡಿಕೊಂಡ ಎಳೆಗಳಲ್ಲಿ ಹಸಿರು ಮುದುಡಿ ಆಕಾರ ಕೆಟ್ಟಿರುವುದರಿಂದ, ಅದೇ ಸ್ಲೈಡಿನಲ್ಲಿ ಪಕ್ಕದಲ್ಲಿರುವ, ಇನ್ನೂ ಕೂಡದ ಎಳೆಯನ್ನು ನೋಡಿ.

ಕೋಶಕೇಂದ್ರ ಕಾಣದಿದ್ದುದು ನಿಮ್ಮ ತಪ್ಪಲ್ಲ. ಈ ಕೋಶದ ಬಹುಪಾಲು ಜಾಗವನ್ನು ನೀರು ತುಂಬಿದ ದೊಡ್ಡ ರಸದಾನಿಯೇ ಆಕ್ರಮಿಸಿದೆ. ಕೋಶದ್ರವ್ಯ ಗೋಡೆಯ ಒಳಬದಿಗೆ ತೆಳುವಾಗಿ ಬಳಿದಂತೆ ಉಳಿದಿರುತ್ತದೆ. ಕೋಶಕೇಂದ್ರವು ನಟ್ಟನಡುವೆ, ಸುತ್ತಲಿಂದ ಬಂದ ಕೋಶದ್ರವ್ಯದ ಸಣ್ಣ ಎಳೆಗಳ ಆಸರೆಯಲ್ಲಿ, ನೆಲುವಿಗೆ ತೂಗುಹಾಕಿದ ಗಡಿಗೆಯಂತೆ ನಿಂತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ಮೇಲೆ ಹಸಿರು ಸುರುಳಿಯ ಮರೆ ಬೇರೆ. ಕವರ್ ಸ್ಲಿಪ್ಪಿನ ಅಂಚಿಗೆ ಒಂದು ಹನಿ ದುರ್ಬಲ ಅಯೋಡಿನ್ ದ್ರಾವಣ ಬಿಟ್ಟು, ಎದುರಂಚಿನಲ್ಲಿ ಒತ್ತುಕಾಗದ ಹಿಡಿದು ದ್ರಾವಣವನ್ನು ಒಳಕ್ಕೆ ಸೆಳೆಯಿರಿ. ರಿಬ್ಬನ್ನಿನ ಉದ್ದಕ್ಕೂ ಸಾಲಾಗಿ ಕಪ್ಪುನೀಲಿ ಚುಕ್ಕೆಗಳು ಎದ್ದು ಕಾಣುತ್ತವೆ. ಅವು ಪೈರಿನಾಯ್ಡುಗಳು, ಅಂದರೆ ರಿಬ್ಬನ್ನಿನೊಳಗಿನ ಪ್ರೋಟೀನ್ ಗುಂಡುಗಳು, ಅವುಗಳ ಸುತ್ತ ಕಟ್ಟಿದ ಪಿಷ್ಟವೇ ಆ ಬಣ್ಣಕ್ಕೆ ಕಾರಣ. ಕೋಶಕೇಂದ್ರ ತಿಳಿ ಹಳದಿಕಂದಾಗಿ ನಡುವೆ ಮೂಡುತ್ತದೆ. ಅಯೋಡಿನ್ ಕೋಶವನ್ನು ಕೊಲ್ಲುತ್ತದೆಯಾದ್ದರಿಂದ ಮೊದಲು ಜೀವಂತ ಎಳೆಯನ್ನು ಮಕ್ಕಳೆಲ್ಲರೂ ನೋಡಿ ಮುಗಿಸಲಿ. ಎಳೆ ಬೆರಳಿಗೆ ಲೋಳೆಯಾಗಿ ಜಾರುವುದನ್ನೂ ಅವರು ಮುಟ್ಟಿಯೇ ಅರಿಯಬೇಕು. ಕೋಶಭಿತ್ತಿಯ ಹೊರಪದರದ ಪೆಕ್ಟಿನ್ ನೀರಿನಲ್ಲಿ ಉಬ್ಬಿ ಆ ಲೋಳೆಯಾಗುತ್ತದೆ.

ಇನ್ನು ಗಂಡು ಹೆಣ್ಣಿನ ಮಾತು. ನಿಮ್ಮ ಪ್ರಶ್ನೆಗಳಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಇದೇ. ಬಹುಪಾಲು ಪಾಚಿಗಳಲ್ಲಿ ಕಶಾಂಗ ಎಂಬ ಚಾವಟಿಯಂಥ ಎಳೆ ಬೀಸಿ ಈಜುವ ಕೋಶಗಳು ಬದುಕಿನ ಯಾವುದಾದರೊಂದು ಹಂತದಲ್ಲಿ ಇರುತ್ತವೆ. ಸ್ಪೈರೋಗೈರಾಕ್ಕೆ ಯಾವ ಹಂತದಲ್ಲಿಯೂ ಅವಿಲ್ಲ. ಈಜಿ ಹೋಗಿ ಸೇರುವ ದಾರಿ ಇಲ್ಲದ ಕಾರಣ ಎರಡು ಎಳೆಗಳು ಅಕ್ಕಪಕ್ಕ ಒರಗಿ ಅಂಟಿಕೊಳ್ಳುತ್ತವೆ. ಎದುರುಬದುರಾದ ಕೋಶಗಳಿಂದ ಮೊಳೆಯಂಥ ಉಬ್ಬುಗಳು ಎದ್ದು ಒಂದನ್ನೊಂದು ಮುಟ್ಟುತ್ತವೆ. ನಡುವಿನ ಗೋಡೆ ಕರಗಿ ಕೊಳವೆಯಾಗುತ್ತದೆ. ನೀವು ಕಂಡ ಮೆಟ್ಟಿಲುಗಳು ಈ ಕೊಳವೆಗಳೇ. ಆಮೇಲೆ ಒಂದು ಕೋಶದ ಒಳಗಿರುವುದೆಲ್ಲವೂ, ಅಂದರೆ ಕೋಶದ್ರವ್ಯ, ಕೋಶಕೇಂದ್ರ, ಹರಿತ್ತು ಎಲ್ಲವೂ ನೀರನ್ನು ಹೊರದೂಡಿ ಕುಗ್ಗಿ, ಗೋಡೆಯನ್ನು ಬಿಟ್ಟು ಮುದ್ದೆಯಾಗಿ, ಕೊಳವೆಯ ಮೂಲಕ ತೆವಳಿ ಎದುರಿನ ಕೋಶದಲ್ಲಿ ಕಾದಿರುವ ಅಂಥದೇ ಮುದ್ದೆಯೊಡನೆ ಬೆರೆಯುತ್ತದೆ. ಇಲ್ಲಿ ಲಿಂಗಾಣುವನ್ನು ತಯಾರಿಸುವ ಬೇರೆ ಅಂಗವಿಲ್ಲ. ನಿನ್ನೆಯವರೆಗೆ ಆಹಾರ ತಯಾರಿಸುತ್ತಿದ್ದ ಕೋಶವೇ ಇಂದು ಇಡಿಯಾಗಿ ಲಿಂಗಾಣುವಾಗುತ್ತದೆ.

ಆದ್ದರಿಂದ ಗಂಡು, ಹೆಣ್ಣು ಎಂದು ಹೇಳಬಹುದು, ಆದರೆ ಹೊರನೋಟದಲ್ಲಿ ಎರಡು ಎಳೆಗಳಿಗೂ ವ್ಯತ್ಯಾಸವಿಲ್ಲವೆಂಬುದನ್ನು ಜೊತೆಯಲ್ಲೇ ಹೇಳಬೇಕು. ಹೊರಟು ಬಂದದ್ದು ಗಂಡು, ಇದ್ದಲ್ಲೇ ಇದ್ದದ್ದು ಹೆಣ್ಣು ಎಂಬಷ್ಟೇ ಈ ಹೆಸರುಗಳಿಗಿರುವ ಆಧಾರ. ಮೌಜಿಯೋಷಿಯಾದ ಅನೇಕ ಪ್ರಭೇದಗಳಲ್ಲಿ ಎರಡೂ ಕಡೆಯವು ಹೊರಟು ಕೊಳವೆಯ ನಡುವೆ ಸಂಧಿಸುತ್ತವೆ. ಅಲ್ಲಿ ಯಾವುದನ್ನು ಗಂಡೆನ್ನುವುದು? ಸ್ಪೈರೋಗೈರಾದ ಕೆಲವು ಪ್ರಭೇದಗಳಲ್ಲಿ ಒಂದೇ ಎಳೆಯ ನೆರೆಹೊರೆಯ ಕೋಶಗಳೇ ಕೂಡುವುದೂ ಉಂಟು, ಆಗ ಏಣಿ ಕಾಣುವುದಿಲ್ಲ.

ನೀವು ಕಂಡ ಕಂದು ಕಾಳು ಹೀಗೆ ಉಂಟಾದ ಯುಗ್ಮಜ. ಅದು ಪಿಷ್ಟ ಮತ್ತು ಕೊಬ್ಬನ್ನು ಕೂಡಿಟ್ಟುಕೊಂಡು, ಹಸಿರನ್ನು ಕಳೆದುಕೊಂಡು, ಸುತ್ತಲೂ ಮೂರು ಪದರದ ದಪ್ಪ ಗೋಡೆ ಕಟ್ಟಿಕೊಳ್ಳುತ್ತದೆ. ನೀರಿನಲ್ಲಿ ಸಾರಜನಕ ಕಡಿಮೆಯಾಗುವುದು ಈ ಕೂಡುವಿಕೆಯನ್ನು ಪ್ರಚೋದಿಸುತ್ತದೆಂದು ಪ್ರಯೋಗಾಲಯದ ಸಾಕಣೆಯಲ್ಲಿ ಕಂಡಿದೆ. ನೀರು ಸಮೃದ್ಧವಾಗಿರುವಾಗ ಎಳೆ ತುಂಡಾಗಿ, ತುಂಡುಗಳೇ ಬೆಳೆದು ಹೊಸ ಎಳೆಗಳಾಗುವುದು ವಾಡಿಕೆ. ಕೆರೆ ಬತ್ತಿದಾಗ ಎಳೆಗಳು ಕೊಳೆತುಹೋಗುತ್ತವೆ. ಕಾಳು ಕೆಸರಿನಲ್ಲಿ ಉಳಿಯುತ್ತದೆ. ಅದರೊಳಗೆ ಎರಡು ಕೋಶಕೇಂದ್ರಗಳು ಒಂದಾಗಿ, ಮೊಳೆಯುವ ಮೊದಲು ಮಿಯಾಸಿಸ್ (ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ವಿಭಜನೆ) ನಡೆದು ನಾಲ್ಕಾಗುತ್ತವೆ. ಮೂರು ನಶಿಸಿ ಒಂದೇ ಉಳಿಯುತ್ತದೆ. ನೀರು ಮರಳಿದಾಗ ಹೊರಗೋಡೆ ಒಡೆದು ಒಂದು ಸಣ್ಣ ಕೊಳವೆ ಹೊರಚಾಚಿ, ಅಡ್ಡಡ್ಡ ಸೀಳಿ ಹೊಸ ಎಳೆಯಾಗುತ್ತದೆ. ಹೀಗಾಗಿ ನಾವು ಕೆರೆಯಲ್ಲಿ ಕಾಣುವ ಹಸಿರು ಎಳೆಯ ಪ್ರತಿ ಕೋಶದಲ್ಲೂ ವರ್ಣತಂತುಗಳ ಒಂದೇ ಗಣವಿರುತ್ತದೆ, ನಮ್ಮ ದೇಹದ ಕೋಶಗಳಂತೆ ಎರಡಲ್ಲ. ಎರಡು ಗಣಗಳಿರುವುದು ಆ ಕಾಳಿನಲ್ಲಿ ಮಾತ್ರ.

ಮುಂದಿನ ಸಲ ಮಕ್ಕಳನ್ನು ಕಳಿಸುವಾಗ ಕಡುಹಸಿರು ಗುಪ್ಪೆಯ ಬದಲು ಬಣ್ಣ ಮಾಸಿ ಹಳದಿಗೆ ತಿರುಗಿದ ಗುಪ್ಪೆಯನ್ನು ತರಲು ಹೇಳಿ. ಏಣಿ ಕಟ್ಟುವ ಎಳೆಗಳು ಹೆಚ್ಚಾಗಿ ಅಂಥದರಲ್ಲಿಯೇ ಸಿಗುತ್ತವೆ.