ಪ್ಲೆವ್ನಾದ ಖಡ್ಗವೂ ಪತ್ರಿಕೆಯ ಚಿತ್ರವೂ

ಓದುಗರೊಬ್ಬರ ಪತ್ರ: 1877ರ ರಷ್ಯ-ತುರ್ಕಿ ಯುದ್ಧದಲ್ಲಿ, ಈಗಿನ ಬಲ್ಗೇರಿಯದಲ್ಲಿರುವ ಪ್ಲೆವ್ನಾದಲ್ಲಿ ಶರಣಾದ ತುರ್ಕಿ ಸೇನಾಪತಿ ಉಸ್ಮಾನ್ ಪಾಷಾನಿಗೆ ರಷ್ಯದ ಚಕ್ರವರ್ತಿ ಖಡ್ಗವನ್ನು ಮರಳಿ ಕೊಡುವ ಹಳೆಯ ಕೆತ್ತನೆಯನ್ನು ಕಳೆದ ಸಂಚಿಕೆಯಲ್ಲಿ ಅಚ್ಚು ಮಾಡಿದ್ದೀರಿ. ರಣರಂಗವನ್ನೇ ಕಾಣದವರು ಕೊರೆದ ಚಿತ್ರ ಇತಿಹಾಸವಾದೀತೆ? ಫೋಟೊ ಹಾಕಬಾರದಿತ್ತೆ?

ಸಂಪಾದಕರ ಉತ್ತರ: ಕೊರೆದವರು ಪ್ಲೆವ್ನಾವನ್ನು ಕಂಡಿರಲಿಲ್ಲವೆಂಬ ನಿಮ್ಮ ಮಾತನ್ನು ಒಪ್ಪೋಣ. ಆದರೆ 1877ರಲ್ಲಿ ಫೋಟೊವನ್ನು ನೇರವಾಗಿ ಅಚ್ಚು ಹಾಕುವ ಅನುಕೂಲ ವಾರಪತ್ರಿಕೆಗಳಿಗೆ ಇರಲಿಲ್ಲ. ಫೋಟೊ ಸಿಕ್ಕರೂ ಅದನ್ನು ನೋಡಿ ಮರದ ಮೇಲೆ ಕೊರೆಯಲೇಬೇಕಿತ್ತು. ಯುದ್ಧಭೂಮಿಯ ಚಿತ್ರಕಾರ ಅವಸರದಲ್ಲಿ ಗೀಚಿದ್ದು ಅಂಚೆಯಲ್ಲಿ ಲಂಡನ್ನನ್ನೋ ಪ್ಯಾರಿಸನ್ನೋ ಮುಟ್ಟಿದ ಮೇಲೆ, ಬಾಕ್ಸ್‌ವುಡ್ ಮರದ ಹಲವು ತುಂಡುಗಳನ್ನು ಬೋಲ್ಟಿನಿಂದ ಬಿಗಿದು ಅದರ ಮೇಲೆ ಚಿತ್ರ ಬರೆದು, ಮತ್ತೆ ಬಿಚ್ಚಿ ಒಬ್ಬೊಬ್ಬ ಕೆತ್ತನೆಗಾರನಿಗೆ ಒಂದೊಂದು ತುಂಡು ಹಂಚುತ್ತಿದ್ದರು; ಕೊರೆದಾದ ಮೇಲೆ ಮತ್ತೆ ಜೋಡಿಸುತ್ತಿದ್ದರು. ಕೆಲವು ಮುದ್ರಣಗಳಲ್ಲಿ ಆ ಬೆಸುಗೆಯ ಬಿಳಿ ಗೆರೆ ಇಂದಿಗೂ ಕಾಣುತ್ತದೆ. ಇಷ್ಟು ಕೈಗಳ ಶ್ರಮವನ್ನು ಸುಳ್ಳೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನಿಮ್ಮಂತಹ ಸೂಕ್ಷ್ಮ ಓದುಗರಿಗೆ ತಕ್ಕುದಲ್ಲ.

ಘಟನೆಯಂತೂ ಕಲ್ಪಿತವಲ್ಲ. ತಿಂಗಳುಗಟ್ಟಲೆ ಪ್ಲೆವ್ನಾವನ್ನು ಕಾದಿದ್ದ ಉಸ್ಮಾನ್ ಪಾಷಾ ಡಿಸೆಂಬರ್ 10ರಂದು ಮುತ್ತಿಗೆಯನ್ನು ಭೇದಿಸಲು ಹೋಗಿ ಕಾಲಿಗೆ ಗಾಯವಾಗಿ ಶರಣಾದ. ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ ಅವನ ಶೌರ್ಯವನ್ನು ಮೆಚ್ಚಿ ಖಡ್ಗವನ್ನು ಮರಳಿಸಿದ್ದು ನಿಜ. ಆ ಮರ್ಯಾದೆ ಕೇವಲ ಔದಾರ್ಯವೆಂದು ನಾನು ನಂಬುವುದಿಲ್ಲ. ಗೆದ್ದವನು ಯುರೋಪಿನ ಕಣ್ಣಿಗೆ ಹೇಗೆ ಕಾಣಬೇಕೆಂಬ ಲೆಕ್ಕವೂ ಅದರಲ್ಲಿತ್ತು. ಅದೇ ಪ್ಲೆವ್ನಾದ ಸೆರೆಯಾಳುಗಳು ಹಿಮದ ದಾರಿಯಲ್ಲಿ ಸಾವಿರಗಟ್ಟಲೆ ಸತ್ತರು. ಪಾಷಾನಿಗೆ ಸಿಕ್ಕ ಗೌರವದ ಪಕ್ಕದಲ್ಲಿ ಇದನ್ನೂ ಇಟ್ಟು ನೋಡಿದಾಗಲೇ ಕೆತ್ತನೆ ಮಾತನಾಡತೊಡಗುತ್ತದೆ.

1878ರ ಮಾರ್ಚ್ 3ರಂದು ಇಸ್ತಾಂಬುಲ್‌ನ ಹೊಸ್ತಿಲಲ್ಲೇ ಇದ್ದ ಸಾನ್ ಸ್ಟೆಫಾನೋದಲ್ಲಿ ರಷ್ಯದ ಇಗ್ನಾತಿಯೆವ್, ನೆಲಿದೋವ್ ಹಾಗೂ ತುರ್ಕಿಯ ಸಫ್ವೆತ್ ಪಾಷಾ, ಸಾದುಲ್ಲಾ ಬೇ ಯುದ್ಧ ಮುಗಿಸುವ ಒಪ್ಪಂದಕ್ಕೆ ರುಜು ಹಾಕಿದರು. ಇಂತಹ ಸಂಧಿಗಳ ಚಿತ್ರಗಳಲ್ಲಿ ಮೇಜು, ಲೇಖನಿ, ಪದಕಗಳೆಲ್ಲ ಇರುತ್ತವೆ. ಬಾಗಿಲಾಚೆ ಬೀಡುಬಿಟ್ಟ ರಷ್ಯದ ಸೇನೆ ಚೌಕಟ್ಟಿನೊಳಗೆ ಬರುವುದಿಲ್ಲ. ಆ ಒಪ್ಪಂದದಿಂದ ಏಜಿಯನ್ ಕಡಲವರೆಗೆ ಚಾಚಿದ ಬಲ್ಗೇರಿಯವನ್ನು ಕೆಲವೇ ತಿಂಗಳಲ್ಲಿ ಯುರೋಪಿನ ದೊಡ್ಡ ರಾಷ್ಟ್ರಗಳ ಬರ್ಲಿನ್ ಸಮ್ಮೇಳನ ಕತ್ತರಿಸಿತು. ಅದಕ್ಕೆ ಮೊದಲೇ ತುರ್ಕಿಯೊಡನೆ ಗುಟ್ಟಾಗಿ ಮಾತಾಡಿಕೊಂಡಿದ್ದ ಬ್ರಿಟನ್ನಿನ ಪಾಲಿಗೆ ಸೈಪ್ರಸ್‌ನ ಆಡಳಿತ ಬಂತು.

ಇನ್ನು ಫೋಟೊದ ಮಾತು. ಇಂದು ನಮ್ಮ ಕಚೇರಿಗೆ ಬರುವ ಐತಿಹಾಸಿಕ ಚಿತ್ರಗಳಲ್ಲಿ ಬಹುಪಾಲಿಗೆ ಊರಿಲ್ಲ, ವರ್ಷವಿಲ್ಲ, ತೆಗೆದವರ ಹೆಸರಿಲ್ಲ. ಅಂಚು ಕತ್ತರಿಸಿ, ಬಣ್ಣ ಬಳಿದು, ಯಾವ ಯುದ್ಧಕ್ಕೆ ಬೇಕಾದರೂ ಅಂಟಿಸಿ ಕಳುಹಿಸುವವರು ಕೆತ್ತನೆಗಾರನನ್ನು ಸುಳ್ಳನೆನ್ನುವುದು ನನಗೆ ಸಹಿಸದು. ಆತ ಎಷ್ಟೋ ವೇಳೆ ಚಿತ್ರದ ಮೂಲೆಯಲ್ಲಿ ತನ್ನ ಹೆಸರನ್ನಾದರೂ ಕೊರೆಯುತ್ತಿದ್ದ. ಸಾನ್ ಸ್ಟೆಫಾನೋ ಚಿತ್ರವನ್ನು ಮುಂದೆ ಅಚ್ಚು ಮಾಡಿದಾಗ ಭೂತಗನ್ನಡಿ ಹಿಡಿದು ಆ ಮೂಲೆಯನ್ನೊಮ್ಮೆ ನೋಡಿ, ಬಳಿಕ ಇನ್ನೊಂದು ಪತ್ರ ಬರೆಯಿರಿ.